ಸಹಾಯ ಬೇಕು: ಟಿಜಿಎಫ್-ಬೀಟಾ ಹಾಕುವ ಮೊದಲೇ ಬದಲಾಗುತ್ತಿರುವ ಹೃದಯದ ಫೈಬ್ರೊಬ್ಲಾಸ್ಟ್‌ಗಳು

ಎಲ್ಲರಿಗೂ ನಮಸ್ಕಾರ. ಹೃದಯಾಘಾತದ ನಂತರ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಕಟ್ಟುವಾಗ ಫೈಬ್ರೊಬ್ಲಾಸ್ಟ್‌ಗಳು (ಅಂಗಾಂಶಕ್ಕೆ ಆಧಾರ ಕೊಡುವ ಕೋಶಗಳು) ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿಗೆ ಓಗೊಟ್ಟು, ಕುಗ್ಗುವ ಶಕ್ತಿಯುಳ್ಳ, ಕಲೆ ಕಟ್ಟುವ ಮಯೋಫೈಬ್ರೊಬ್ಲಾಸ್ಟ್‌ಗಳಾಗುವ ಬಗೆಯನ್ನು, ಇಲಿಯ ಹೃದಯದಿಂದ ಬೇರ್ಪಡಿಸಿದ ಕೋಶಗಳಲ್ಲಿ ಅಧ್ಯಯನ ಮಾಡುತ್ತಿದ್ದೇನೆ. ಟಿಜಿಎಫ್-ಬೀಟಾ1 ಹಾಕಿದ 30 ನಿಮಿಷಗಳಲ್ಲಿ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆಹಚ್ಚುವ ಪರೀಕ್ಷೆ) ಫಾಸ್ಫೊ-ಸ್ಮ್ಯಾಡ್2 ಪಟ್ಟಿ, ಅಂದರೆ ಸಂಕೇತ ಕೋಶದೊಳಗೆ ತಲುಪಿದ ಗುರುತು, ದಟ್ಟವಾಗಿ ಮೂಡುತ್ತದೆ. ಆದರೆ 48 ಗಂಟೆಗಳ ನಂತರ ನೋಡಿದರೆ, ಏನೂ ಹಾಕದ ಕೋಶಗಳಲ್ಲಿಯೂ ಆಲ್ಫಾ-ಎಸ್‌ಎಂಎ (ಮಯೋಫೈಬ್ರೊಬ್ಲಾಸ್ಟ್‌ಗಳನ್ನು ಗುರುತಿಸುವ ಪ್ರೋಟೀನ್) ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರ ದಪ್ಪ ಎಳೆಗಳೂ ಎದ್ದು ಕಾಣುತ್ತವೆ.

ಕೋಶ ಬೆಳೆಸುವ ದ್ರವದಲ್ಲಿನ ಸೀರಮ್ಮನ್ನು ಶೇ. 0.5ಕ್ಕೆ ಇಳಿಸಿದೆ, ಮೊದಲ ಪ್ಯಾಸೇಜಿನ (ಒಮ್ಮೆ ಮಾತ್ರ ಹೊಸ ತಟ್ಟೆಗೆ ವರ್ಗಾಯಿಸಿದ) ಕೋಶಗಳನ್ನಷ್ಟೇ ಬಳಸಿದೆ, ಫಲ ಸಿಗಲಿಲ್ಲ. ಫಾಸ್ಫೊ-ಸ್ಮ್ಯಾಡ್2 ಮೂಡುವುದರಿಂದ ಟಿಜಿಎಫ್-ಬೀಟಾವನ್ನು ಹಿಡಿಯುವ ಕೋಶದ ಗ್ರಾಹಕ ಪ್ರೋಟೀನ್ ಕೆಲಸ ಮಾಡುತ್ತಿರುವುದು ಸ್ಪಷ್ಟವಾದ್ದರಿಂದ, ಆರೋಗ್ಯವಂತ ಹೃದಯದ ಸುಮಾರು 10 ಕಿಲೋಪ್ಯಾಸ್ಕಲ್ ಬಿಗಿತಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಗಡುಸಾದ ಪ್ಲಾಸ್ಟಿಕ್ ತಟ್ಟೆಯೇ ಕೋಶಗಳನ್ನು ಮೊದಲೇ ಕೆರಳಿಸುತ್ತಿದೆ ಎಂಬ ಗುಮಾನಿ ನನ್ನದು.

ನನ್ನ ಗೊಂದಲ ಇಷ್ಟೇ: ಕೋಶಗಳನ್ನು ಶಾಂತ ಸ್ಥಿತಿಯಲ್ಲಿಡಲು ಮೆದು ಪಾಲಿಅಕ್ರಿಲಮೈಡ್ ಜೆಲ್ ಮೇಲೆಯೇ ಬೆಳೆಸಬೇಕೇ, ಅಥವಾ ಪ್ಲಾಸ್ಟಿಕ್ ಮೇಲೆಯೇ ಟಿಜಿಎಫ್-ಬೀಟಾ ಗ್ರಾಹಕವನ್ನು ತಡೆಯುವ ಎಸ್‌ಬಿ-431542 ಪ್ರತಿಬಂಧಕ ಹಾಕಿಟ್ಟು, ಅದನ್ನು ತೊಳೆದು ತೆಗೆದ ಬಳಿಕ ಟಿಜಿಎಫ್-ಬೀಟಾ ಕೊಟ್ಟರೆ ಸಾಕೇ? ಎರಡನೆಯದನ್ನು ಮಾಡಿದವರಿದ್ದರೆ, ತೊಳೆದ ಮೇಲೆ ಎಷ್ಟು ಹೊತ್ತು ಬಿಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ.