ಮೋಟರ್ ಒಂದು ಕಡೆ, ಟ್ಯಾಂಕು ಒಂದು ಕಡೆ, ಮೂರು ಆ್ಯಪ್: ಇವನ್ನು ಒಂದಕ್ಕೊಂದು ಮಾತಾಡಿಸುವುದು ಹೇಗೆ?

ಸೋಂದಾ_ತೋಟ:

ನಮಸ್ಕಾರ. ಶಿರಸಿ ತಾಲ್ಲೂಕು, ಸೋಂದಾ ಕಡೆ ನಮ್ಮ ಅಡಿಕೆ ತೋಟ. ಮನೆ ದಿಬ್ಬದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ, ಹಳ್ಳದ ಬದಿಗೆ ಬಾವಿ, ಅದಕ್ಕೊಂದು 5 ಎಚ್‌ಪಿ ಮೋಟರ್. ನೀರು ಮನೆ ಹಿಂದಿನ ಟ್ಯಾಂಕಿಗೆ ಏರಿ, ಅಲ್ಲಿಂದ ಸ್ಪ್ರಿಂಕ್ಲರಿಗೆ ಇಳಿಯುತ್ತದೆ.

ಸಾಮಾನು ಒಂದೊಂದು ವರ್ಷ ಒಂದೊಂದು ಕೊಂಡಿದ್ದು, ಹಾಗಾಗಿ ಒಂದಕ್ಕೊಂದು ಪರಿಚಯವೇ ಇಲ್ಲ. ಅಂಗಳದ ದೀಪ ಮತ್ತು ಡ್ರೈಯರ್ ಫ್ಯಾನಿಗೆ ವೈಫೈ ಸ್ವಿಚ್, ಅದಕ್ಕೊಂದು ಆ್ಯಪ್. ಟ್ಯಾಂಕಿನ ಮಟ್ಟ ತೋರಿಸಲು ಇನ್ನೊಂದು. ಉಗ್ರಾಣದ ಬಾಗಿಲಿಗೆ ಮತ್ತು ಒಳಗಿನ ತೇವಾಂಶಕ್ಕೆ ಜಿಗ್‌ಬೀ (ವೈಫೈ ಅಲ್ಲದ, ಹತ್ತಿರಕ್ಕೆ ಮಾತ್ರ ತಲುಪುವ ರೇಡಿಯೊ) ಸೆನ್ಸರ್ ಇದೆ, ಅದಕ್ಕೆ ಬೇರೆ ಹಬ್, ಬೇರೆ ಆ್ಯಪ್. ಮೋಟರಿಗೆ ಆ್ಯಪ್ ಇಲ್ಲ, ಸಿಮ್ ಹಾಕಿದ ಡಬ್ಬಿ. ಮಿಸ್ಡ್ ಕಾಲ್ ಕೊಟ್ಟರೆ ಚಾಲು, ಇನ್ನೊಮ್ಮೆ ಕೊಟ್ಟರೆ ಬಂದ್.

ಟ್ಯಾಂಕು ತುಂಬಿತು ಅಂತ ಗೊತ್ತಾಗುವುದು ನನ್ನ ಫೋನಿಗೆ, ಮೋಟರ್ ಬಂದ್ ಮಾಡಬೇಕಾದವ ನಾನು. ಅಂದರೆ ಎರಡರ ನಡುವಿನ ವೈರು ನಾನೇ! ಸಿದ್ದಾಪುರದಲ್ಲಿ ಮದುವೆ ಊಟಕ್ಕೆ ಕೂತವ ಹೋಳಿಗೆ ಬಿಟ್ಟು ಎದ್ದು ಮಿಸ್ಡ್ ಕಾಲ್ ಕೊಡುವುದು ಎಂತಾ ಆಟೊಮೇಷನ್ ಮಾರಾಯ್ರೆ? ಇನ್ನೊಂದು ಆಸೆಯೂ ಇದೆ: ಚಾಲಿ (ಒಣಗಿಸುವ ಅಡಿಕೆ) ಅಂಗಳಕ್ಕೆ ಹಾಕಿದ ದಿನಗಳಲ್ಲಿ ಮಳೆ ಹನಿ ಬಿದ್ದ ಕೂಡಲೇ ಮನೆಯಲ್ಲಿ ಗಂಟೆ ಹೊಡೆದು ಅಂಗಳದ ದೀಪ ಹತ್ತಬೇಕು, ತಾಡಪಲ್ಲು ಎಳೆಯಲು ಜನ ಓಡಬೇಕು.

ಇಂಟರ್ನೆಟ್ ಹೋದರಂತೂ ಎಲ್ಲವೂ 'ಆಫ್‌ಲೈನ್'. ಟ್ಯಾಂಕು ಅಡಿಗೆಮನೆ ಕಿಟಕಿಯಿಂದ ಕಾಣುತ್ತದೆ, ಆದರೆ ಆ್ಯಪ್‌ಗೆ ಕಾಣುವುದಿಲ್ಲ. ಅಂಗಡಿಯವರು 'ಎಲ್ಲ ಒಂದೇ ಕಂಪನಿಯದು ತಗೊಳ್ಳಿ' ಅನ್ನುತ್ತಾರೆ. ಬೇರೆ ದಾರಿ ಇಲ್ಲವೇ?

ಬೈತಖೋಲ_ಕೋಡ್:

ಅಂಗಡಿಯವರು ಅವರ ವ್ಯಾಪಾರ ಮಾಡಿದರು, ತಪ್ಪಲ್ಲ. ನೀವು ಕೇಳಬೇಡಿ ಅಷ್ಟೆ.

ನಾನು ಕಾರವಾರದಲ್ಲಿ ಐಸ್ ಪ್ಲಾಂಟ್ ಮತ್ತು ಮೀನಿನ ಕೋಲ್ಡ್ ಸ್ಟೋರೇಜ್‌ಗಳ ತಾಪಮಾನ ನೋಡುವ ಸಾಫ್ಟ್‌ವೇರ್ ಬರೆಯುತ್ತೇನೆ. ಅಲ್ಲಿಯೂ ನಿಮ್ಮದೇ ಕತೆ: ಕಂಪ್ರೆಸರ್ ಒಬ್ಬರದು, ಮೀಟರ್ ಇನ್ನೊಬ್ಬರದು, ಜನರೇಟರ್ ಮೂರನೆಯವರದು. ಯಾರೂ ಹಳೆಯದನ್ನು ಕಿತ್ತು ಒಂದೇ ಬ್ರ್ಯಾಂಡು ಹಾಕುವುದಿಲ್ಲ. ಪ್ರತಿಯೊಂದಕ್ಕೂ ಮಾತಾಡುವ ಬಾಗಿಲು, ಅಂದರೆ ಎಪಿಐ, ಎಲ್ಲಿದೆ ಅಂತ ಮೊದಲು ಹುಡುಕುತ್ತೇವೆ.

ನಿಮ್ಮ ಟ್ಯಾಂಕಿನ ಡಬ್ಬಿಗೆ ಆ ಬಾಗಿಲು ಇರುವುದು ಕಂಪನಿಯ ಸರ್ವರಿನಲ್ಲಿ, ನಿಮ್ಮ ಮನೆಯಲ್ಲಿ ಅಲ್ಲ. ಮನೆ ಹಿಂದಿನ ನೀರಿನ ಅಳತೆ ಎಲ್ಲಿಯದೋ ಡೇಟಾ ಸೆಂಟರಿಗೆ ಹೋಗಿ ನಿಮ್ಮ ಫೋನಿಗೆ ವಾಪಸ್ ಬರುತ್ತದೆ. ನೆಟ್ ಹೋದರೆ ಕುರುಡಾಗುವುದು ಇದಕ್ಕೇ. ಕಂಪನಿ ನಾಳೆ ಸರ್ವರ್ ಮುಚ್ಚಿದರೆ ಡಬ್ಬಿ ತೂಕಕ್ಕೆ ಹಾಕಬೇಕು.

ಇವತ್ತೇ ಒಂದು ಪರೀಕ್ಷೆ ಮಾಡಿ. ರೌಟರ್ ಚಾಲು ಇರಲಿ, ಅದಕ್ಕೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆಯಿರಿ. ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈ ಇಡಿ. ಈಗ ಅಂಗಳದ ದೀಪ ಆ್ಯಪ್‌ನಿಂದ ಹತ್ತಿದರೆ ಆ ಸ್ವಿಚ್ಚಿಗೆ ಲೋಕಲ್ ಬಾಗಿಲು ಇದೆ, ಉಳಿಸಿಕೊಳ್ಳಬಹುದು. ಹತ್ತದಿದ್ದರೆ ಅದನ್ನು ನಂಬಿ ಮೋಟರ್ ಕಟ್ಟಬೇಡಿ. ಮುಂದೆ ಏನೇ ಕೊಂಡರೂ ಪೆಟ್ಟಿಗೆಯ ಮೇಲಿನ 'ವೈಫೈ' ಎಂಬ ಅಕ್ಷರ ನೋಡಬೇಡಿ, 'ಲೋಕಲ್ ಎಪಿಐ ಇದೆಯಾ, ಎಂಕ್ಯುಟಿಟಿ ಬರುತ್ತಾ' ಅಂತ ಕೇಳಿ (ಎಂಕ್ಯುಟಿಟಿ ಅಂದರೆ ಸಾಧನಗಳು ಒಂದಕ್ಕೊಂದು ಸಣ್ಣ ಸಂದೇಶ ಕಳಿಸುವ ಪದ್ಧತಿ).

ನಡುವಿನ ವೈರು ನೀವಾಗಿದ್ದೀರಿ ಅಂದಿರಲ್ಲ, ಆ ಜಾಗಕ್ಕೆ ಮನೆಯೊಳಗೇ ಒಂದು ಸಣ್ಣ ಕಂಪ್ಯೂಟರ್ ಕೂರಿಸಿ. ರಾಸ್ಪ್‌ಬೆರಿ ಪೈ ಆದೀತು, ಹಳೆ ಲ್ಯಾಪ್‌ಟಾಪೂ ಆದೀತು. ಅದರಲ್ಲಿ ಹೋಮ್ ಅಸಿಸ್ಟೆಂಟ್ (ಬೇರೆ ಬೇರೆ ಕಂಪನಿಯ ಸಾಧನಗಳನ್ನು ಒಂದೇ ಕಡೆಯಿಂದ ನಡೆಸುವ, 2013ರಿಂದ ಇರುವ ಮುಕ್ತ ತಂತ್ರಾಂಶ, ದುಡ್ಡಿಲ್ಲ) ಮತ್ತು ಮಾಸ್ಕಿಟೊ ಎಂಬ ಎಂಕ್ಯುಟಿಟಿ ಬ್ರೋಕರ್, ಅಂದರೆ ಸಂದೇಶ ಪಡೆದು ಬೇಕಾದವರಿಗೆ ಹಂಚುವ ತಂತ್ರಾಂಶ. ಎಂಕ್ಯುಟಿಟಿ ಹುಟ್ಟಿದ್ದೇ ನಿಮ್ಮಂಥ ಜಾಗಕ್ಕೆ: 1999ರಲ್ಲಿ, ತೈಲ ಕೊಳವೆಗಳ ಅಳತೆಯನ್ನು ದುಬಾರಿ ಉಪಗ್ರಹ ಸಂಪರ್ಕದಲ್ಲಿ ಕಳಿಸಲು. ಸಂದೇಶ ಚಿಕ್ಕದು, ಲೈನ್ ಕಡಿದರೂ ಸಂಭಾಳಿಸುತ್ತದೆ.

ಅದು ಸೊಸೈಟಿಯ ನೋಟಿಸ್ ಬೋರ್ಡ್ ಇದ್ದ ಹಾಗೆ. ಟ್ಯಾಂಕಿನ ಸೆನ್ಸರ್ 'ತೋಟ/ಟ್ಯಾಂಕ್/ಮಟ್ಟ' ಎಂಬ ತಲೆಬರಹದ ಕೆಳಗೆ 85 ಅಂತ ಬರೆದು ಹೋಗುತ್ತದೆ. ಯಾರು ಓದುತ್ತಾರೆ ಅನ್ನುವುದು ಅದಕ್ಕೆ ಬೇಡ. ಮೋಟರಿನ ನಿಯಂತ್ರಕ ಆ ತಲೆಬರಹಕ್ಕೆ ಚಂದಾದಾರ ಆಗಿದ್ದರೆ ಆಯಿತು. ನಾಳೆ ಸೆನ್ಸರ್ ಹಾಳಾಗಿ ಬೇರೆ ಕಂಪನಿಯದು ತಂದರೂ ಅದೇ ತಲೆಬರಹಕ್ಕೆ ಅದೇ ರೀತಿಯ ಅಂಕಿ ಬರೆಯುವಂತೆ ಮಾಡಿ, ಮೋಟರಿನ ಕಡೆ ಏನೂ ಮುಟ್ಟುವುದು ಬೇಡ. (ತಲೆಬರಹ ಕನ್ನಡದಲ್ಲೇ ಇಡಬಹುದು, ಎಂಕ್ಯುಟಿಟಿಗೆ ಯುಟಿಎಫ್-8, ಅಂದರೆ ಎಲ್ಲ ಭಾಷೆಯ ಅಕ್ಷರ ಹಿಡಿಸುವ ಸಂಕೇತ, ಇದ್ದರೆ ಸಾಕು.)

ಒಂದು ಅಪಾಯ ಮಾತ್ರ ಗಟ್ಟಿ ನೆನಪಿಡಿ. ಎಂಕ್ಯುಟಿಟಿಯಲ್ಲಿ 'ರಿಟೇನ್' ಅಂತ ಇದೆ, ಕೊನೆಯ ಸಂದೇಶವನ್ನು ಬ್ರೋಕರ್ ಉಳಿಸಿಕೊಂಡು ಹೊಸದಾಗಿ ಬಂದವರಿಗೆಲ್ಲ ಕೊಡುತ್ತದೆ. ಟ್ಯಾಂಕಿನ ಮಟ್ಟಕ್ಕೆ ಅದು ಬೇಕು. ಆದರೆ 'ಮೋಟರ್ ಚಾಲು' ಎಂಬ ಆಜ್ಞೆಗೆ ಹಾಕಿದಿರೋ, ಕರೆಂಟು ಹೋಗಿ ಬಂದ ಕೂಡಲೇ ನಿಯಂತ್ರಕ ಹಳೆ ಆಜ್ಞೆ ಓದಿ ತಾನೇ ಮೋಟರ್ ಎಬ್ಬಿಸುತ್ತದೆ. ಆ ಹೊತ್ತಿಗೆ ಫುಟ್‌ವಾಲ್ವ್ (ಪೈಪಿನ ಬುಡದ ವಾಲ್ವ್) ಬಿಚ್ಚಿಕೊಂಡು ಬಾವಿಯಲ್ಲಿ ಯಾರಾದರೂ ಇದ್ದರೆ? ಸ್ಥಿತಿಗೆ ರಿಟೇನ್, ಆಜ್ಞೆಗೆ ಬೇಡ. ಹಾಗೆಯೇ 'ಲಾಸ್ಟ್ ವಿಲ್' ಹಾಕಿ: ಸೆನ್ಸರಿನ ಸಂಪರ್ಕ ಹಠಾತ್ ಕಡಿದರೆ ಅದರ ಪರವಾಗಿ ಬ್ರೋಕರೇ 'ಇಲ್ಲ' ಎಂದು ಸಾರುತ್ತದೆ. 'ಇಲ್ಲ' ಬಂದರೆ ಮೋಟರ್ ಬಂದ್, ಹಳೆಯ ಅಂಕಿ ನಂಬಿ ಓಡಬಾರದು.

ಕುಮಟಾ_ಪ್ಯಾನೆಲ್:

ಮೇಲಿನವರು ಸಾಫ್ಟ್‌ವೇರ್ ಚೊಲೋ ಹೇಳಿದ್ದಾರೆ. ನಾನು ಪ್ಯಾನೆಲ್ ಬೋರ್ಡ್ ಕಟ್ಟುವವ, ನನ್ನ ಪಾಲಿನದು ಹೇಳ್ತೆ.

ವೈಫೈ ರಿಲೇಯಲ್ಲಿ ನೇರ 5 ಎಚ್‌ಪಿ ಮೋಟರ್ ಹಾಕಬೇಡಿ, ಸುಟ್ಟು ಹೋಗ್ತದೆ. ರಿಲೇ ಸ್ಟಾರ್ಟರಿನ ಬಟನ್ ಒತ್ತುವ ಕೆಲಸ ಮಾತ್ರ ಮಾಡಬೇಕು: ಚಾಲು ಮಾಡುವ ಕಾಂಟ್ಯಾಕ್ಟ್ ಹಸಿರು ಬಟನ್ನಿಗೆ ಪ್ಯಾರಲಲ್, ಬಂದ್ ಮಾಡುವುದು ಕೆಂಪು ಬಟನ್ನಿಗೆ ಸೀರೀಸ್. ಸ್ಟಾರ್ಟರಿನ ಕಾಯಿಲ್ ಎಷ್ಟು ವೋಲ್ಟಿನದು ಅಂತ ಮೊದಲು ಓದಿ. ತ್ರೀಫೇಸ್ ಡಿಒಎಲ್ (ಮೋಟರನ್ನು ನೇರ ಲೈನಿಗೆ ಕೊಡುವ) ಸ್ಟಾರ್ಟರುಗಳಲ್ಲಿ ಬಹಳ ಕಡೆ 415 ವೋಲ್ಟಿನ ಕಾಯಿಲ್ ಇರ್ತದೆ, ಸಣ್ಣ ರಿಲೇ ಬೋರ್ಡಿಗೆ ಬರೆದದ್ದು 250. ನಡುವೆ ತಕ್ಕ ಕಾಂಟ್ಯಾಕ್ಟರ್ ಒಂದು ಬೇಕೇ ಬೇಕು.

ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಬಂದ್ ಮಾಡುವುದು), ಡ್ರೈ ರನ್ (ನೀರಿಲ್ಲದೆ ಓಡದಂತೆ ತಡೆಯುವುದು), ಈ ಮೂರು ಕಂಪ್ಯೂಟರಿನ ಕೈಗೆ ಕೊಡಬೇಡಿ. ಅವು ಪ್ಯಾನೆಲ್ಲಿನಲ್ಲೇ ಇರಲಿ. ಆಟೊ–ಮ್ಯಾನ್ಯುವಲ್ ಸೆಲೆಕ್ಟರ್ ಸ್ವಿಚ್ ಒಂದು ಹಾಕಿ, ನೀವು ಊರಲ್ಲಿಲ್ಲದಾಗ ಮನೆಯ ಹಿರಿಯರು ಕೈಯಲ್ಲಿ ಚಾಲು ಮಾಡುವಂತಿರಬೇಕು. ಗೋಡೆಗೆ ಹಾಕುವ ಡಬ್ಬಿ ಐಪಿ65 (ಧೂಳು, ನೀರು ಒಳಗೆ ಹೋಗದ್ದು), ಕೇಬಲ್ ಒಳಗೆ ಹೋಗುವ ತೂತಿಗೆ ಗ್ಲ್ಯಾಂಡ್ ಕೆಳಮುಖವಾಗಿ. ನಮ್ಮ ಕಡಲ ಬದಿಯಲ್ಲಿ ಉಪ್ಪುಗಾಳಿ ಬೋರ್ಡ್ ತಿಂತದೆ, ನಿಮ್ಮ ಘಟ್ಟದ ಮೇಲೆ ಆ ಕೆಲಸ ಇರುವೆ ಮಾಡ್ತದೆ.

ಯಲ್ಲಾಪುರ_ಹಳಬ:

ಇಷ್ಟೆಲ್ಲ ಎಂತಕ್ಕೆ ತಮ್ಮಾ? ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್, ಅಲ್ಲಿಂದ ಸ್ಟಾರ್ಟರಿಗೆ ಎರಡು ಎಳೆ ಕೇಬಲ್. ನಮ್ಮಲ್ಲಿ ಹಾಗೇ ನಡೆಯುತ್ತಿದೆ. ಬ್ರೋಕರೂ ಬೇಡ, ಚಂದಾದಾರನೂ ಬೇಡ.

ಬೈತಖೋಲ_ಕೋಡ್:

ಹಿರಿಯರ ಮಾತಿಗೆ ಅರ್ಧ ಒಪ್ಪಿಗೆ. ಫ್ಲೋಟ್ ಹಾಕಿಯೇ ಹಾಕಿ. ಟ್ಯಾಂಕಿಗೆ ಹಾಕುವ ಅಲ್ಟ್ರಾಸಾನಿಕ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ) ಸೆನ್ಸರುಗಳಿಗೆ ಮೂಗಿನ ಕೆಳಗಿನ ಸುಮಾರು 20 ಸೆಂಟಿಮೀಟರ್ ಕಾಣುವುದೇ ಇಲ್ಲ. ಸೆನ್ಸರನ್ನು ಮುಚ್ಚಳಕ್ಕೆ ಕೂರಿಸಿದರೆ ಟ್ಯಾಂಕು ತುಂಬುವ ಹೊತ್ತಿಗೇ ಅಂಕಿ ಕೆಡುತ್ತದೆ. 'ತುಂಬಿತು' ಹೇಳುವುದು ಫ್ಲೋಟ್, 'ಎಷ್ಟಿದೆ' ಹೇಳುವುದು ಸೆನ್ಸರ್, ಎರಡೂ ಒಂದೇ ಇಎಸ್‌ಪಿ32 (ವೈಫೈ ಇರುವ ಪುಟ್ಟ ನಿಯಂತ್ರಕ) ಬೋರ್ಡಿಗೆ. ಫ್ಲೋಟ್ ಒಂದರಿಂದ ಮಳೆ ಗಂಟೆ ಹೊಡೆಯಲಾಗದು, ಅದಕ್ಕೆ ಉಳಿದರ್ಧ.

ಸೋಂದಾ_ತೋಟ:

ಎಲ್ಲರಿಗೂ ಧನ್ಯವಾದ. ಕೇಬಲ್ ಪರೀಕ್ಷೆ ಮಾಡಿದೆ: ದೀಪದ ಸ್ವಿಚ್ ಪಾಸು, ಟ್ಯಾಂಕಿನ ಡಬ್ಬಿ ಫೇಲು. ಯಲ್ಲಾಪುರದ ಅಣ್ಣನಿಗೆ: ಬಾವಿಯಿಂದ ಟ್ಯಾಂಕಿಗೆ ಅರ್ಧ ಕಿಲೋಮೀಟರ್ ಕೇಬಲ್ ಎಳೆದರೆ ಹಂದಿ, ಮುಳ್ಳುಹಂದಿ ಬಿಡುತ್ತವೆಯೇ?

ಇನ್ನು ನನ್ನ ಸಂಶಯ. ಮ್ಯಾಟರ್ ಅಂತ ಹೊಸದು ಬಂದಿದೆ, ಅದು ಬಂದರೆ ಎಲ್ಲ ಕಂಪನಿಯದೂ ಕೂಡುತ್ತದೆ ಅನ್ನುತ್ತಾರಲ್ಲ, ಕಾಯುವುದು ಒಳ್ಳೆಯದೇ? ಜಿಗ್‌ಬೀ ಹಬ್ ಎಸೆಯಬೇಕೇ? ಮಳೆ ಸೆನ್ಸರ್ ಬೋರ್ಡ್ ಒಂದು ತಂದು ನೋಡಿದೆ, ಬೆಳಗಿನ ಇಬ್ಬನಿಗೇ ಗಂಟೆ ಹೊಡೆದು ಆಯಿಯ ನಿದ್ದೆ ಕೆಡಿಸುತ್ತಿದೆ. ಮತ್ತೆ, ಸಿಮ್ ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗೆ ಎ, ಬಿ ಅಂತ ಎರಡು ಟರ್ಮಿನಲ್ ಖಾಲಿ ಇವೆ. ಎಂತದು ಅದು?

ಬೈತಖೋಲ_ಕೋಡ್:

ಮ್ಯಾಟರ್ ಚೊಲೋ ಕೆಲಸವೇ. 2019ರ ಕೊನೆಗೆ ಆಪಲ್, ಗೂಗಲ್, ಅಮೆಜಾನ್ ಮತ್ತು ಜಿಗ್‌ಬೀ ಒಕ್ಕೂಟ ಸೇರಿ ಶುರು ಮಾಡಿದ್ದು, 1.0 ಬಂದದ್ದು 2022ರ ಅಕ್ಟೋಬರಿನಲ್ಲಿ. ಸಾಧನಗಳು ಮನೆಯ ನೆಟ್‌ವರ್ಕಿನೊಳಗೇ ಮಾತಾಡುತ್ತವೆ, ಒಂದೇ ಬಲ್ಬನ್ನು ಎರಡು ಕಂಪನಿಯ ಆ್ಯಪ್ ಒಟ್ಟಿಗೆ ಆಳಬಹುದು. 2024ರ 1.3ರಲ್ಲಿ ಮಳೆ ಸೆನ್ಸರ್, ನೀರಿನ ವಾಲ್ವ್ ಕೂಡ ಸೇರಿದವು. ಆದರೆ ಕಾಗದದಲ್ಲಿ ಸೇರುವುದು ಬೇರೆ, ನಮ್ಮ ಅಂಗಡಿಗೆ ಬರುವುದು ಬೇರೆ. ಬಲ್ಬು, ಪ್ಲಗ್ ಮುಂದೆ ಕೊಳ್ಳುವಾಗ ಮ್ಯಾಟರ್ ಗುರುತು ನೋಡಿ ಕೊಳ್ಳಿ. ಮೋಟರಿಗಾಗಿ ಕಾಯಬೇಡಿ. ಹೋಮ್ ಅಸಿಸ್ಟೆಂಟ್ ಮ್ಯಾಟರ್, ಎಂಕ್ಯುಟಿಟಿ ಎರಡನ್ನೂ ಒಟ್ಟಿಗೆ ನಡೆಸುತ್ತದೆ.

ಸೆನ್ಸರುಗಳನ್ನು ಇಟ್ಟುಕೊಳ್ಳಿ, ಹಬ್ ಬೇಡ. ಯುಎಸ್‌ಬಿ ಜಿಗ್‌ಬೀ ಡಾಂಗಲ್ ಒಂದು ತಂದು ಜಿಗ್‌ಬೀ2ಎಂಕ್ಯುಟಿಟಿ ಎಂಬ ತಂತ್ರಾಂಶ ಹಾಕಿದರೆ ಬೇರೆ ಬೇರೆ ಕಂಪನಿಯ ಸೆನ್ಸರುಗಳು ಅದೇ ನೋಟಿಸ್ ಬೋರ್ಡಿಗೆ ಬರೆಯುತ್ತವೆ. ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಡಾಂಗಲ್ಲನ್ನು ಕಂಪ್ಯೂಟರಿಗೆ ನೇರ ಚುಚ್ಚದೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಕೊಡಿ, ಯುಎಸ್‌ಬಿ 3 ಪೋರ್ಟಿನ ಗದ್ದಲ ಜಿಗ್‌ಬೀಯ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ.

ಇಬ್ಬನಿ ವಿಷಯ. ಬೋರ್ಡ್ ಒದ್ದೆಯೋ ಒಣಗಿದೆಯೋ ಅಂತ ಕೇಳಬೇಡಿ, ಎಷ್ಟು ಬೇಗ ಒದ್ದೆಯಾಯಿತು ಅಂತ ಕೇಳಿ. ಇಬ್ಬನಿ ಗಂಟೆಗಟ್ಟಲೆ ಮೆಲ್ಲಗೆ ಹತ್ತುತ್ತದೆ, ಮಳೆಗೆ ಅಂಕಿ ಅರೆ ನಿಮಿಷದಲ್ಲಿ ಜಿಗಿಯುತ್ತದೆ. ಹಿಂದಿನ ನಿಮಿಷದ ಅಂಕಿಗೂ ಈಗಿನದಕ್ಕೂ ವ್ಯತ್ಯಾಸ ದೊಡ್ಡದಾದರೆ ಮಾತ್ರ ಗಂಟೆ. ಬೋರ್ಡನ್ನು ಓರೆಯಾಗಿ ಇಡಿ, ನೀರು ಇಳಿದು ಹೋಗಲಿ. ಅದಕ್ಕೆ ಸದಾ ಕರೆಂಟು ಕೊಡಬೇಡಿ, ಗೆರೆಗಳು ತಿಂದು ಹೋಗುತ್ತವೆ. ಓದುವ ಕ್ಷಣಕ್ಕೆ ಮಾತ್ರ ಕೊಟ್ಟು ತೆಗೆಯಿರಿ.

ಬಾವಿಯ ದೂರಕ್ಕೆ ವೈಫೈ ಇಳಿಯುವುದಿಲ್ಲ, ಲೋರಾ (ಸಣ್ಣ ಸಂದೇಶವನ್ನು ಬಹುದೂರ ಕಳಿಸುವ ರೇಡಿಯೊ) ಹಾಕಿ. ನಮ್ಮ ದೇಶದಲ್ಲಿ 865–868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. 868 ಎಂದು ಮಾರುವ ಮಾಡ್ಯೂಲ್ ತಂದು 866ಕ್ಕೆ ಇಳಿಸಿಕೊಳ್ಳಿ. 915ರದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಆ್ಯಂಟೆನಾ ಎತ್ತರ ಇರಲಿ, ಮಳೆಗಾಲದಲ್ಲಿ ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ.

ಎ, ಬಿ ಅಂದರೆ ಬಹುತೇಕ ಆರ್‌ಎಸ್-485, ಅಂದರೆ ಯಂತ್ರಗಳು ಮಾಹಿತಿ ಕಳಿಸುವ ಎರಡು ಎಳೆಯ ಲೈನ್, ಅದರಲ್ಲಿ ಮಾಡ್‌ಬಸ್ ಇರುವ ಸಂಭವ ಹೆಚ್ಚು. ಅದು 1979ರಿಂದ ಇರುವ ಭಾಷೆ, ನಮ್ಮ ಐಸ್ ಪ್ಲಾಂಟುಗಳು ಈಗಲೂ ಅದರಲ್ಲೇ ಓಡುತ್ತವೆ. ಡೀಲರನ್ನು 'ಮಾಡ್‌ಬಸ್ ರಿಜಿಸ್ಟರ್ ಪಟ್ಟಿ ಕೊಡಿ' ಅಂತ ಕೇಳಿ, ಯಾವ ಅಳತೆ ಯಾವ ನಂಬರಿನಲ್ಲಿದೆ ಅಂತ ಅದರಲ್ಲಿರುತ್ತದೆ. ಸಿಕ್ಕರೆ ಮೂರೂ ಫೇಸಿನ ವೋಲ್ಟೇಜ್, ಆಂಪಿಯರ್ ಎಲ್ಲ ಓದಬಹುದು, ಡಬ್ಬಿ ಬದಲಿಸುವುದೇ ಬೇಡ. ಪಟ್ಟಿ ಕೈಗೆ ಬಂದ ಮೇಲೆ ಅದರ ಫೋಟೊ ಇಲ್ಲಿ ಹಾಕಿ, ಇಎಸ್‌ಪಿ32ಗೆ ಬೇಕಾದ ಸೆಟ್ಟಿಂಗ್ ಬರೆದು ಕೊಡುತ್ತೇನೆ.

ಕುಮಟಾ_ಪ್ಯಾನೆಲ್:

ಎ, ಬಿ ವೈರು ಹಾಕುವಾಗ ಮೇನ್ ಬಂದ್ ಮಾಡಿ. ಓದದಿದ್ದರೆ ಎರಡನ್ನು ಅದಲುಬದಲು ಮಾಡಿ ನೋಡಿ, ಒಬ್ಬೊಬ್ಬ ಕಂಪನಿಯವ ಒಂದೊಂದು ಥರ ಬರೀತಾನೆ. ಅಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ, ಅರ್ತಿಂಗ್ ತಪಾಸಣೆ ಮಾಡಿಸಿ. ಮೇ ತಿಂಗಳ ಸಿಡಿಲಿನ ಒಳಗೆ ಆಗಲಿ.