ರಂಗಪ್ರದರ್ಶನವನ್ನು ಎಚ್‌ಡಿಯಲ್ಲಿ ಚಿತ್ರೀಕರಿಸಲು ಮಾಡುವ ಖರ್ಚು ಸಾರ್ಥಕವೇ?

ಪ್ರಶ್ನೆ: ತಂಡದ ಖಜಾಂಚಿ

ಎಲ್ಲರಿಗೂ ನಮಸ್ಕಾರ. ನಾಟಕ ಮತ್ತು ಸಂಗೀತ ಕಾರ್ಯಕ್ರಮಗಳನ್ನು ನಡೆಸುವ ಸಣ್ಣ ಹವ್ಯಾಸಿ ತಂಡವೊಂದರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಇದುವರೆಗೆ ನಮ್ಮ ಪ್ರದರ್ಶನಗಳನ್ನು ಸದಸ್ಯರಲ್ಲಿ ಯಾರಾದರೊಬ್ಬರು ಸಭಾಂಗಣದ ಹಿಂಬದಿಯಲ್ಲಿ ನಿಂತು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದರು. ಮುಂದಿನ ನಾಟಕವನ್ನು ವೃತ್ತಿಪರರಿಂದ ಚಿತ್ರೀಕರಿಸೋಣವೆಂದು ಕೊಟೇಶನ್ ಕೇಳಿದಾಗ ಎರಡು ಬಗೆಯ ಲೆಕ್ಕ ಬಂದಿದೆ. ಒಂದೇ ಕ್ಯಾಮೆರಾದಲ್ಲಿ ಎಚ್‌ಡಿ ಚಿತ್ರೀಕರಣ ಒಂದು. ಮೂರು ಕ್ಯಾಮೆರಾಗಳಲ್ಲಿ, ಎಚ್‌ಡಿಗಿಂತ ಹೆಚ್ಚು ಸ್ಪಷ್ಟವಾದ 4ಕೆ ಚಿತ್ರೀಕರಣ ಮತ್ತು ಸಂಕಲನ ಇನ್ನೊಂದು. ಎರಡನೆಯದರ ಮೊತ್ತ ಮೊದಲನೆಯದರ ನಾಲ್ಕು ಪಟ್ಟಿಗೂ ಹೆಚ್ಚಿದ್ದು, ರಂಗಸಜ್ಜಿಕೆ ಮತ್ತು ವೇಷಭೂಷಣಗಳಿಗೆಂದು ನಾವು ಎತ್ತಿಟ್ಟಿರುವ ಹಣವನ್ನೂ ಮೀರುತ್ತದೆ.

ಸಮಿತಿಯಲ್ಲಿ ಒಮ್ಮತವಿಲ್ಲ. ಒಮ್ಮೆ ನಡೆದುಹೋದ ಪ್ರದರ್ಶನ ಮತ್ತೆ ಸಿಗುವುದಿಲ್ಲವಾದ್ದರಿಂದ ಅತ್ಯುತ್ತಮ ಗುಣಮಟ್ಟದಲ್ಲೇ ದಾಖಲಿಸಬೇಕೆಂದು ಕೆಲವರು ಹೇಳಿದರೆ, ನೋಡುವವರೆಲ್ಲ ಫೋನಿನ ಪರದೆಯಲ್ಲೇ ನೋಡುವಾಗ ಅಷ್ಟು ದುಡ್ಡು ಸುರಿಯುವುದೇಕೆಂದು ಉಳಿದವರು ಕೇಳುತ್ತಾರೆ. ಹೆಚ್ಚಿನ ಸ್ಪಷ್ಟತೆಗಾಗಿ ತೆರುವ ಹಣಕ್ಕೆ ನಿಜವಾಗಿ ಏನು ದಕ್ಕುತ್ತದೆ, ಹಣ ಸೀಮಿತವಾಗಿದ್ದರೆ ಯಾವುದನ್ನು ಉಳಿಸಿಕೊಂಡು ಯಾವುದನ್ನು ಕೈಬಿಡಬಹುದು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಕ್ಯಾಮೆರಾ ಕೆಲಸದವನು

ನಿಮ್ಮ ಎರಡನೆಯ ಕೊಟೇಶನ್ನಿನಲ್ಲಿ ಮೊತ್ತ ಏರಿರುವುದು ಬಹುಮಟ್ಟಿಗೆ ಮೂರು ಕ್ಯಾಮೆರಾಗಳಿಂದ. 4ಕೆಯ ಪಾಲು ಅದರಲ್ಲಿ ಕಡಿಮೆ. ಈಗ ಬರುವ ಹೆಚ್ಚಿನ ವೃತ್ತಿಪರ ಕ್ಯಾಮೆರಾಗಳಲ್ಲಿ 4ಕೆ ಇದ್ದೇ ಇರುತ್ತದೆ. ಮೂರು ಕ್ಯಾಮೆರಾ ಎಂದರೆ ಮೂವರು ನಿರ್ವಾಹಕರ ದಿನಗೂಲಿ ಮತ್ತು ಮೂರು ಲೆನ್ಸುಗಳ ಬಾಡಿಗೆ. ಜೊತೆಗೆ ಎರಡು ಗಂಟೆಯ ನಾಟಕಕ್ಕೆ ಆರು ಗಂಟೆಯಷ್ಟು ಚಿತ್ರಿಕೆಯನ್ನು ಕೂತು ನೋಡಿ, ಹೊಂದಿಸಿ, ಕತ್ತರಿಸುವ ಸಂಕಲನಕಾರರ ಶ್ರಮ. ಆದ್ದರಿಂದ ಹೆಚ್ಚುವರಿ ಕ್ಯಾಮೆರಾಗಳ ಖರ್ಚನ್ನೂ 4ಕೆಯ ಖರ್ಚನ್ನೂ ಬಿಡಿಸಿ ಬರೆದುಕೊಡುವಂತೆ ಮೊದಲು ಕೇಳಿ.

ಇನ್ನು ಸ್ಪಷ್ಟತೆಯ ವಿಚಾರ. ಎಚ್‌ಡಿಯ ಒಂದು ಚೌಕಟ್ಟಿನಲ್ಲಿ (ಫ್ರೇಮಿನಲ್ಲಿ) 1920×1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 4ಕೆಯಲ್ಲಿ 3840×2160, ಸರಿಯಾಗಿ ಅದರ ನಾಲ್ಕರಷ್ಟು. ಆದರೆ ಸಾಮಾನ್ಯ ದೃಷ್ಟಿಯುಳ್ಳವರು ಪರದೆಯ ಎತ್ತರದ ಮೂರು ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಕುಳಿತರೆ ಎಚ್‌ಡಿಯ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲವಾದ್ದರಿಂದ, ಅದಕ್ಕಿಂತ ಸೂಕ್ಷ್ಮವಾದ ಚಿತ್ರವನ್ನು ಕೊಟ್ಟರೂ ಅವರ ಕಣ್ಣಿಗೆ ಸಿಗುವ ಲಾಭ ಅಲ್ಪ. ಫೋನಿನಲ್ಲಿ ನೋಡುವವರಿಗಂತೂ ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ.

ರಂಗದ ಚಿತ್ರೀಕರಣ ಕೆಡುವುದು ಚುಕ್ಕೆಗಳ ಕೊರತೆಯಿಂದಲ್ಲ, ಬೆಳಕಿನಿಂದ. ಹಿನ್ನೆಲೆಯೆಲ್ಲ ಕಪ್ಪು, ನಟರೊಬ್ಬರ ಮೇಲೆ ಮಾತ್ರ ಸ್ಪಾಟ್‌ಲೈಟ್ ಇರುವ ದೃಶ್ಯವನ್ನು ಊಹಿಸಿಕೊಳ್ಳಿ. ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂಬ ಹೊಂದಾಣಿಕೆ, ಆಟೋದಲ್ಲಿದ್ದರೆ ಕ್ಯಾಮೆರಾ ಆ ಕತ್ತಲೆಯನ್ನೇ ಅಳೆದು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಆಗ ನಟರ ಮುಖ ಕಣ್ಣುಮೂಗುಗಳ ಗುರುತೇ ಇಲ್ಲದ ಬಿಳಿಯ ತೇಪೆಯಾಗುತ್ತದೆ. ಅಳಿಸಿಹೋದ ಆ ವಿವರ ಯಾವ ಸಂಕಲನದಲ್ಲೂ ಮರಳಿ ಬರುವುದಿಲ್ಲ, 4ಕೆಯಲ್ಲಿ ಚಿತ್ರೀಕರಿಸಿದ್ದರೂ ಅಷ್ಟೇ. ರಂಗದ ಮೇಲೆ ಹೊಗೆ ಬಿಟ್ಟಾಗ ಆಟೋಫೋಕಸ್ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ತಡಕಾಡುವುದು ಇನ್ನೊಂದು ತೊಂದರೆ. ಕೆಲವು ಎಲ್‌ಇಡಿ ದೀಪಗಳು ಬರಿಗಣ್ಣಿಗೆ ನಿಶ್ಚಲವಾಗಿ ಕಂಡರೂ ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಮಿನುಗುತ್ತವೆ. ಸೆಕೆಂಡಿಗೆ 25 ಚೌಕಟ್ಟುಗಳಿದ್ದಾಗ ಶಟರ್ ವೇಗವನ್ನು (ಪ್ರತಿ ಚೌಕಟ್ಟಿನ ಮೇಲೆ ಬೆಳಕು ಬೀಳುವ ಅವಧಿಯನ್ನು) ಸಾಮಾನ್ಯವಾಗಿ ಸೆಕೆಂಡಿನ 1/50ಕ್ಕೆ ಇಡುತ್ತೇವಾದರೂ, ಆಯಾ ದೀಪಗಳೊಂದಿಗೆ ಅದು ಹೊಂದುತ್ತದೆಯೇ ಎಂಬುದು ಸ್ಥಳದಲ್ಲಿ ಪರೀಕ್ಷಿಸಿದಾಗಲೇ ಗೊತ್ತಾಗುವುದು. ಹೀಗಾಗಿ ಬೆಳಕು ಸಹಿತವಾದ ತಾಲೀಮಿನ ದಿನ ಬರಲು ಒಪ್ಪುವ ಒಬ್ಬ ನಿರ್ವಾಹಕರು, ಪ್ರದರ್ಶನದ ದಿನ ಮಾತ್ರ ಬಂದಿಳಿಯುವ ಮೂವರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಬಿಟ್‌ರೇಟನ್ನೂ, ಅಂದರೆ ಪ್ರತಿ ಸೆಕೆಂಡಿನ ಚಿತ್ರಿಕೆಗೆ ಎಷ್ಟು ಮಾಹಿತಿ ದಾಖಲಾಗುತ್ತದೆ ಎಂಬುದನ್ನೂ, ಕೇಳಿ ತಿಳಿದುಕೊಳ್ಳಿ. ಸೆಕೆಂಡಿಗೆ 50 ಮೆಗಾಬಿಟ್‌ನಂತೆ ದಾಖಲಿಸಿದರೆ ಗಂಟೆಗೆ ಸುಮಾರು 22.5 ಜಿಬಿ ಆಗುತ್ತದೆ. ಮಂದ ಬೆಳಕಿನ ದೃಶ್ಯಗಳಲ್ಲಿ ಏಳುವ ಕಾಳುಕಾಳಾದ ನಾಯ್ಸ್ ಬಹಳಷ್ಟು ಬಿಟ್‌ಗಳನ್ನು ನುಂಗಿಬಿಡುವುದರಿಂದ, ಬಿಟ್‌ರೇಟಿನಲ್ಲಿ ಜಿಪುಣತನ ಮಾಡಿದ 4ಕೆಗಿಂತ ಧಾರಾಳವಾಗಿ ದಾಖಲಿಸಿದ ಎಚ್‌ಡಿ ಎಷ್ಟೋ ಸಲ ಚೆನ್ನಾಗಿ ಕಾಣುತ್ತದೆ.

ನಿಮ್ಮ ತಂಡಕ್ಕೆ ಎರಡು ಕ್ಯಾಮೆರಾ ಸಾಕು. ಇಡೀ ರಂಗವನ್ನು ತುಂಬಿಕೊಳ್ಳುವಂತೆ ಒಂದನ್ನು ಟ್ರೈಪಾಡಿನ ಮೇಲೆ ಕದಲದಂತೆ ನಿಲ್ಲಿಸಿ 4ಕೆಯಲ್ಲಿ ಚಿತ್ರೀಕರಿಸಲಿ. ಅಂತಿಮ ಪ್ರತಿ ಎಚ್‌ಡಿಯಲ್ಲಿರುವುದಾದರೆ ಅದೇ ಚಿತ್ರದ ಅರ್ಧ ಅಗಲ, ಅರ್ಧ ಎತ್ತರದ ಭಾಗವನ್ನು ಗುಣಮಟ್ಟ ಕಳೆಯದೆ ಕತ್ತರಿಸಿಕೊಳ್ಳಬಹುದು. ಇನ್ನೊಂದರಲ್ಲಿ ನಿರ್ವಾಹಕರು ಮಾತಾಡುವವರನ್ನು ಹಿಂಬಾಲಿಸಲಿ. ಸಣ್ಣ ತಂಡಕ್ಕೆ 4ಕೆಯಿಂದ ನಿಜವಾದ ಉಪಯೋಗ ಇರುವುದು ಇಲ್ಲಿ: ಅದು ಒಬ್ಬ ನಿರ್ವಾಹಕರ ಕೂಲಿಯನ್ನು ಉಳಿಸುತ್ತದೆ.

ಉತ್ತರ: ಧ್ವನಿಯ ಕಡೆಯವಳು

ಚರ್ಚೆಯಲ್ಲಿ ಇದುವರೆಗೆ ಧ್ವನಿಯ ಮಾತೇ ಬಂದಿಲ್ಲ, ಬಹುಶಃ ಆ ಕೊಟೇಶನ್ನುಗಳಲ್ಲೂ ಬಂದಿರಲಾರದು. ಚಿತ್ರ ತುಸು ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷದಲ್ಲಿ ಎದ್ದುಹೋಗುತ್ತಾರೆ.

ಸಭಾಂಗಣದ ಹಿಂಬದಿಯ ಕ್ಯಾಮೆರಾದ ಮೈಕಿಗೆ ನಟರಿಗಿಂತ ಪಕ್ಕದ ಸಾಲಿನಲ್ಲಿ ಕೆಮ್ಮಿದವರೇ ಹತ್ತಿರ. ಸಾಲದ್ದಕ್ಕೆ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಚಲಿಸುವುದರಿಂದ, ರಂಗದಿಂದ 34 ಮೀಟರ್ ದೂರದಲ್ಲಿ ಮಾತು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ದಾಖಲಾಗುತ್ತದೆ. ಅಂದರೆ ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಎರಡೂವರೆ ಚೌಕಟ್ಟು. ಸಭೆಯಲ್ಲಿ ಕೂತವರಿಗೆ ಇದು ತಿಳಿಯುವುದಿಲ್ಲ, ಆದರೆ ಮುಖವನ್ನು ಕ್ಲೋಸಪ್‌ನಲ್ಲಿ ತೋರಿಸಿದಾಗ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಎನ್ನಿಸಿಬಿಡುತ್ತದೆ.

ಮೈಕುಗಳ ಧ್ವನಿಯನ್ನು ಬೆರೆಸಿ ಸ್ಪೀಕರಿಗೆ ಕಳುಹಿಸುವ ಮಿಕ್ಸರಿನಿಂದ ನೇರವಾಗಿ ಒಂದು ಕೇಬಲ್ ಎಳೆದುಕೊಂಡರೆ ಸಾಕೆನ್ನುವವರಿದ್ದಾರೆ. ಮಿಕ್ಸರಿನಲ್ಲಿ ಇರುವುದು ಸ್ಪೀಕರಿಗೆ ಬೇಕಾದ ಸಮತೋಲನ. ತಾನಾಗಿಯೇ ಜೋರಾಗಿ ಕೇಳುವ ತಾಳವಾದ್ಯಗಳಿಗೆ ಮೈಕ್ ಕಡಿಮೆ ಇಟ್ಟಿರುತ್ತಾರೆ, ಆದ್ದರಿಂದ ಆ ಧ್ವನಿಪಥದಲ್ಲಿ ಅವು ಎಲ್ಲೋ ದೂರದಲ್ಲಿ ನುಡಿದಂತಿರುತ್ತವೆ. ಪ್ರೇಕ್ಷಕರ ನಗು, ಚಪ್ಪಾಳೆಯಂತೂ ಇರುವುದೇ ಇಲ್ಲ. ಮಿಕ್ಸರಿನ ಧ್ವನಿಯ ಜೊತೆಗೆ ರಂಗದ ಮುಂಭಾಗದಲ್ಲಿ ಒಂದು ಜೊತೆ ಮೈಕುಗಳನ್ನು ಇಟ್ಟು, ಎರಡನ್ನೂ ಬೇರೆ ಬೇರೆ ದಾಖಲಿಸಿ ಆಮೇಲೆ ಬೆರೆಸಬೇಕು. ಚಿತ್ರದೊಂದಿಗೆ ಹೊಂದಿಸಲು ಮೊದಲಲ್ಲಿ ಕ್ಯಾಮೆರಾಗಳಿಗೆ ಕಾಣುವಂತೆ ತಟ್ಟಿದ ಒಂದು ಚಪ್ಪಾಳೆ ಸಾಕು. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದ ಸ್ಟೀರಿಯೊ ಧ್ವನಿ ಗಂಟೆಗೆ ಸುಮಾರು ಒಂದು ಜಿಬಿ. ವಿಡಿಯೊದ ಮುಂದೆ ಇದು ಏನೂ ಅಲ್ಲ. ಮೂರನೆಯ ಕ್ಯಾಮೆರಾವನ್ನು ಬಿಟ್ಟು ಆ ಹಣವನ್ನು ಇದಕ್ಕೆ ಹಾಕಿ ಎಂದು ನಾನು ಹೇಳುತ್ತೇನೆ.

ಉತ್ತರ: ದಾಖಲೆಗಳ ಮೇಲ್ವಿಚಾರಕ

ಮೇಲಿನ ಇಬ್ಬರೂ ಈಗ ನೋಡುವವರನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದಿದ್ದಾರೆ. ಇಪ್ಪತ್ತು ವರ್ಷಗಳ ನಂತರ ನೋಡುವವರ ಬಗ್ಗೆ ಯೋಚಿಸಿದರೆ ಸ್ಪಷ್ಟತೆಯ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಹಿಂದೆ 720×576 ಅಳತೆಯಲ್ಲಿ ಚಿತ್ರೀಕರಿಸಿದ ಪ್ರದರ್ಶನಗಳು ಅಂದಿನ ಟಿವಿಗಳಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಇಂದಿನ ಪರದೆಯ ಮೇಲೆ ಅವುಗಳಲ್ಲಿ ನಟರ ಮುಖಭಾವವನ್ನು ಹುಡುಕಬೇಕು. ಕ್ಯಾಮೆರಾದಲ್ಲಿ ಹೇಗೂ 4ಕೆ ಇದ್ದ ಮೇಲೆ ಮೂಲಪ್ರತಿಯನ್ನು ಅದರಲ್ಲೇ ಇಟ್ಟುಕೊಳ್ಳುವುದು ವಿವೇಕ.

ಆದರೆ ದಾಖಲೆಗೆ ಬೇಕಾದ ಚಿತ್ರಿಕೆಯೇ ಬೇರೆ. ನಾಟಕವನ್ನು ಮುಂದೆ ಮತ್ತೆ ರಂಗಕ್ಕೆ ತರುವ ನಿರ್ದೇಶಕರಿಗೆ, ಒಬ್ಬರು ಮಾತಾಡುವಾಗ ಉಳಿದ ನಾಲ್ವರು ಎಲ್ಲಿ ನಿಂತಿದ್ದರು ಎಂಬುದು ಮುಖ್ಯ. ಸಂಕಲಿತ ಪ್ರತಿಯ ಕ್ಲೋಸಪ್‌ಗಳು ಅದನ್ನೇ ಮರೆಮಾಡುತ್ತವೆ. ನೃತ್ಯದಲ್ಲಿ ಇದು ಇನ್ನೂ ಹೆಚ್ಚು, ಪಾದ ಕತ್ತರಿಸಿಹೋದ ಚಿತ್ರಿಕೆ ಅಭ್ಯಾಸಿಗಳಿಗೆ ನಿರುಪಯೋಗಿ. ಆದ್ದರಿಂದ ಇಡೀ ರಂಗ ಕಾಣುವ, ಕದಲದ ಆ ವೈಡ್ ಶಾಟನ್ನು ಆರಂಭದಿಂದ ಕೊನೆಯವರೆಗೆ ಕತ್ತರಿಸದೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ಸಂಕಲಿತ ಪ್ರತಿಯನ್ನಷ್ಟೇ ಕೊಟ್ಟು ಮೂಲವನ್ನು ಅಳಿಸಿಬಿಡುವವರಿದ್ದಾರೆ. ಮೂಲಕ್ಕೆ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಈ ಹಾರ್ಡ್ ಡಿಸ್ಕುಗಳ ಖರ್ಚನ್ನು ಯಾರೂ ಕೊಟೇಶನ್ನಿನಲ್ಲಿ ತೋರಿಸುವುದಿಲ್ಲ.

ದೊಡ್ಡ ಸಂಸ್ಥೆಗಳ ಉದಾಹರಣೆಯನ್ನು ಸಮಿತಿಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್‌ನಿಂದಲೂ, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದಲೂ ತಮ್ಮ ಪ್ರದರ್ಶನಗಳನ್ನು ಚಿತ್ರಮಂದಿರಗಳಿಗೆ ಪ್ರಸಾರ ಮಾಡುತ್ತಿವೆ. ಅಲ್ಲಿ ಚಿತ್ರೀಕರಣದ ಖರ್ಚು ಅನೇಕ ದೇಶಗಳ ಚಿತ್ರಮಂದಿರಗಳ ಟಿಕೆಟ್ಟಿನ ಮೇಲೆ ಹಂಚಿಹೋಗುತ್ತದೆ, ಪರದೆಯೂ ದೊಡ್ಡದು. ಆ ಲೆಕ್ಕವನ್ನು ಹವ್ಯಾಸಿ ತಂಡಕ್ಕೆ ಅನ್ವಯಿಸುವುದು ಸಲ್ಲದು.

ಕೊನೆಯದಾಗಿ ಅನುಮತಿಯ ವಿಚಾರ. ನಾಟಕ ಆಡಲು ಪಡೆದ ಒಪ್ಪಿಗೆಯೊಳಗೆ ಅದನ್ನು ಚಿತ್ರೀಕರಿಸಿ ಪ್ರಕಟಿಸುವ ಒಪ್ಪಿಗೆ ತಾನಾಗಿ ಸೇರಿರುವುದಿಲ್ಲ. ನಾಟಕಕಾರರು, ಸಂಗೀತ ಸಂಯೋಜಕರು, ನಟರು ಎಲ್ಲರಿಂದಲೂ ಬರಹದಲ್ಲಿ ಪಡೆಯಿರಿ. ಹಿನ್ನೆಲೆಗೆ ಬೇರೆಯವರ ಧ್ವನಿಮುದ್ರಿತ ಸಂಗೀತವನ್ನು ಬಳಸಿದ್ದರೆ ಯೂಟ್ಯೂಬ್ ಅದನ್ನು ತಾನಾಗಿಯೇ ಗುರುತಿಸಿ ವಿಡಿಯೊವನ್ನು ತಡೆಯಲೂಬಹುದು. ಪ್ರಕಟಿಸಲು ಬಾರದ ಚಿತ್ರಿಕೆಗೆ ಸಂಕಲನದ ಖರ್ಚು ದಂಡ.

ಮರುಪ್ರಶ್ನೆ: ತಂಡದ ಖಜಾಂಚಿ

ಮೂವರಿಗೂ ಧನ್ಯವಾದಗಳು. ಎರಡು ಕ್ಯಾಮೆರಾ, ಪ್ರತ್ಯೇಕ ಧ್ವನಿ, ಕತ್ತರಿಸದ ಮೂಲಪ್ರತಿ ಎಂಬ ಲೆಕ್ಕದಲ್ಲಿ ಹೊಸ ಕೊಟೇಶನ್ ಕೇಳುತ್ತೇನೆ. ನಾಟಕದ ಪ್ರದರ್ಶನಗಳು ಒಂದಕ್ಕಿಂತ ಹೆಚ್ಚಿವೆ. ಯಾವ ದಿನ ಚಿತ್ರೀಕರಿಸುವುದು ಸೂಕ್ತ? ಪ್ರೇಕ್ಷಕರ ನೋಟಕ್ಕೆ ಕ್ಯಾಮೆರಾ ಅಡ್ಡಬರುತ್ತದೆ ಎಂಬ ಆಕ್ಷೇಪವೂ ಇದೆ.

ಉತ್ತರ: ಕ್ಯಾಮೆರಾ ಕೆಲಸದವನು

ಮೊದಲ ದಿನ ಬೇಡ. ಬೆಳಕಿನ ಬದಲಾವಣೆಗಳೂ ನಟರ ಚಲನೆಯೂ ಆಗಿನ್ನೂ ಕುದುರಿರುವುದಿಲ್ಲ. ಎರಡನೆಯ ಅಥವಾ ನಂತರದ ಪ್ರದರ್ಶನವನ್ನು ಆರಿಸಿಕೊಳ್ಳಿ. ಹತ್ತಿರದ ಚಿತ್ರಿಕೆಗಳನ್ನು ವೇಷ ಸಹಿತವಾದ ತಾಲೀಮಿನಲ್ಲಿ, ಪ್ರೇಕ್ಷಕರಿಲ್ಲದಾಗ ಮುಂದಿನ ಸಾಲಿನಿಂದಲೇ ತೆಗೆದುಕೊಂಡರೆ ಪ್ರದರ್ಶನದ ದಿನ ಕ್ಯಾಮೆರಾಗಳು ಹಿಂದೆಯೇ ಇರಬಹುದು. ಆದರೆ ಎರಡೂ ದಿನ ವೇಷ, ಕೇಶಾಲಂಕಾರ, ಕೈಯಲ್ಲಿ ಹಿಡಿಯುವ ವಸ್ತುಗಳು ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಹಿಂದಿನ ಕ್ಯಾಮೆರಾಗಳಿಗೆ ನಡುವಿನ ನಾಲ್ಕು ಆಸನಗಳ ಟಿಕೆಟ್ಟನ್ನು ಮಾರದೆ ಬಿಡಿ, ಆ ನಷ್ಟವನ್ನೂ ಚಿತ್ರೀಕರಣದ ಖರ್ಚಿನಲ್ಲೇ ಬರೆದುಕೊಳ್ಳಿ.