ಎರಡು ಮನೀಗೆ ಒಂದೇ ನಳದ ಲೈನ್: ವಾಲ್ ಎಲ್ಲೆಲ್ಲಿ ಕೂಡಿಸಬೇಕು?

ಪ್ರಶ್ನೆ – ಹಳೇ ಹುಬ್ಬಳ್ಳಿ

ಪಾಲಾದ ಮನಿ. ಓಣ್ಯಾಗಿಂದ ಅರ್ಧ ಇಂಚಿನ ಜಿಐ (ಸತುವು ಹಚ್ಚಿದ ಕಬ್ಬಿಣದ) ಪೈಪ್ ಒಂದೇ ಬರತೈತಿ. ಬಾಜೂ ಮನಿ ಅಂಗಳದಾಗ ಟೀ (ಮೂರು ಬಾಯಿಯ ಪೈಪ್ ಜೋಡಣಿ) ಕೂಡಿಸಿ ನಮಗ ಕವಲು ಕೊಟ್ಟಾರ. ವಾಲ್ ಒಂದೇ, ಅದೂ ಟೀಗಿಂತ ಮೊದಲ ಐತಿ. ಅವರು ಬಂದ್ ಮಾಡಿದ್ರ ನಮಗೂ ಬಂದ್. ಗಾಲಿ ಪೂರ್ತಿ ತಿರುವಿದ್ರೂ ನೀರು ಸಣ್ಣಗ ಬರೋದು ನಿಲ್ಲಂಗಿಲ್ಲ. ಅವರ ಸಂಪು ತಗ್ಗಿನಾಗ ಐತಿ, ಅದು ತುಂಬೋತನಕ ನಮ್ಮ ಟಾಕಿಗೆ ನೀರು ಏರಂಗಿಲ್ಲ. ಹೆಂಗ ಬ್ಯಾರೆ ಮಾಡಬೇಕ್ರಿ?

ಉತ್ತರ – ಧಾರವಾಡ

ಗಾಲಿ ಇರೋದು ಗೇಟ್ ವಾಲ್. ಒಳಗಿನ ಬಿಲ್ಲೆ ಇಳಿದು ತಳದ ಸಂದಿಯೊಳಗ ಸರಿಯಾಗಿ ಕೂತರ ಮಾತ್ರ ನೀರು ನಿಲ್ಲತೈತಿ. ನೀರು ಬಿಡದ ದಿನಗಳಾಗ ಖಾಲಿ ಪೈಪಿನೊಳಗ ಗಾಳಿ ಆಡಿ ಜಂಗು ಏಳತೈತಿ. ನೀರು ಬಿಟ್ಟ ಕೂಡಲೇ ಅದರ ಚೂರು, ರಾಡಿ ಹರಿದು ಬಂದು ಆ ಸಂದಿ ತುಂಬತಾವು. ಪಾನಾ ಹಾಕಿ ಬಿಗಿ ಮಾಡಬ್ಯಾಡ್ರಿ, ಗಾಲಿ ಮತ್ತ ಬಿಲ್ಲೆ ನಡುವಿನ ಸಳಿ ಮುರೀತೈತಿ.

ಅದನ್ನ ತಗದು ಹಿತ್ತಾಳಿ ಬಾಲ್ ವಾಲ್ (ಒಳಗ ತೂತಿನ ಗುಂಡು ತಿರುಗಿ ನೀರು ಬಂದ್ ಮಾಡೋದು) ಹಾಕ್ರಿ. ಒಟ್ಟು ಮೂರು ಬೇಕು, 15 ಮಿ.ಮೀ.: ಟೀಗಿಂತ ಮೊದಲ ಒಂದು, ಎರಡೂ ಕವಲಿಗೆ ಒಂದೊಂದು. ಮೊದಲಿನದು ರಿಪೇರಿಗಷ್ಟ, ಉಳಿದ ದಿನ ತೆರೆದಿರಲಿ. ನಿಮ್ಮದು ನಿಮ್ಮ ಗ್ವಾಡಿ ಒಳಗ, ಕೈಗೆ ಸಿಗೋ ಎತ್ತರದಾಗ ಇರಲಿ. ಪ್ರತಿ ವಾಲ್ ಪಕ್ಕ ಒಂದು ಯೂನಿಯನ್ (ಪೈಪ್ ಕೊಯ್ಯದ ಬಿಚ್ಚೋ ಜೋಡಣಿ) ಬೇಕೇಬೇಕು. ಇಲ್ಲಂದ್ರ ಮುಂದ ವಾಲ್ ಬದಲಿಸಾಕ ಪೈಪ್ ಕೊಯ್ಯೋದೊಂದೇ ದಾರಿ.

ಹಳೇ ಟೀ ಬಿಚ್ಚುವಾಗ ಎರಡು ಪಾನಾ ಬೇಕು, ಒಂದರಿಂದ ಪೈಪ್ ಹಿಡದು ಇನ್ನೊಂದರಿಂದ ತಿರುವ್ರಿ. ಒಂದೇ ಪಾನಾದಿಂದ ಜಗ್ಗಿದ್ರ ನೆಲದೊಳಗಿನ ಥ್ರೆಡ್ ಕತ್ತರಿಸ್ತೈತಿ. ಟೆಫ್ಲಾನ್ ಟೇಪ್ ಥ್ರೆಡ್ ತಿರುಗೋ ದಿಕ್ಕಿಗೇ ಎಂಟ್ಹತ್ತು ಸುತ್ತು.

ಉತ್ತರ – ಗದಗ

ವಾಲ್ ಹಾಕಿದ್ರೂ ತಗ್ಗಿನ ಸಂಪು ಜಗ್ಗೋದು ನಿಲ್ಲೂದಿಲ್ಲ. ಅವರ ಒಳಹರಿವಿನ ಪೈಪನ್ನ ನಿಮ್ಮ ಟಾಕಿ ಬಾಯಿಯಷ್ಟೇ ಎತ್ತರಕ್ಕ ಏರಿಸಿ, ಆಮೇಲೆ ಇಳಿಸಬೇಕು. ಏರಿಸಿದ ಪೈಪಿನ ನೆತ್ತಿಯೊಳಗ ಮೇಲ್ಮುಖದ ಟೀ ಹಾಕಿ ಬಾಯಿ ಬಿಟ್ಟಿಡ್ರಿ, ಗಾಳಿ ಹೋಗಬೇಕು. ಮುಚ್ಚಿದ್ರ ಸೈಫನ್ ಆಗಿ, ಅಂದ್ರ ಇಳಿಯೋ ನೀರೇ ಹಿಂದಿನ ನೀರನ್ನ ಎಳೆದು, ಮೊದಲಿನಂಗ ಜಗ್ಗತದ. ಅವರು ಒಪ್ಪದಿದ್ರ ಪಾಳಿ ಹಚ್ಚೋದೇ ಸರಿ. ಬಾಲ್ ವಾಲ್ ಅರ್ಧ ತೆರೆದು ನೀರು ಹಂಚಬ್ಯಾಡ್ರಿ, ಒಳಗ ಗುಂಡು ಕೂಡೋ ಸೀಟ್ ಸವೀತದ.

ಪೈಪಿನ ತುದಿ ಎರಡೂ ಕಡೆ ತುಂಬಿದ ನೀರಿಗಿಂತ ಮ್ಯಾಲ ಇರಲಿ. ಮುಳುಗಿದ್ರ ನೀರು ನಿಂತಾಗ ಸಂಪಿನ ನೀರು ಹಿಂದಕ್ಕ ಹೋಗತದ. ನಿಮ್ಮ ವಾಲ್ ಆದ ಮ್ಯಾಲ ಒಂದು ಎನ್‌ಆರ್‌ವಿ (ನೀರು ಹಿಂದಕ್ಕ ಹೋಗದಂಗ ತಡಿಯೋ ವಾಲ್) ಹಾಕ್ರಿ, ಬಾಣ ನಿಮ್ಮ ಟಾಕಿ ಕಡೆ.

ಲೈನಿಗೇ ಮೋಟಾರ್ ಹಚ್ಚೋ ವಿಚಾರ ಯಾರ ತಲ್ಯಾಗೂ ಬರಬಾರದು. ಗಟಾರದ ಹತ್ರ ಪೈಪ್ ಸಣ್ಣಗ ಸೋರತಿದ್ರೂ ಮೋಟಾರ್ ಹೊಲಸು ನೀರನ್ನ ಒಳಗ ಎಳಕೊಂತದ, ಅದನ್ನ ಎರಡೂ ಮನಿಯವರು ಕುಡೀತಾರ.